ಹದಿನೇಳು ಗಂಟಿನ ಹಗಲು

"ಗುರುಗಳೇ, ಇನ್ನೇನಾದರೂ ಬಿಟ್ಟುಹೋಗಿದೆಯೇ?" ಎಂದು ಗುರುಪಾದ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಎಳೆಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು. ಮಾರನೆಯ ದಿನ ಅವರಿಗೆ ಎಪ್ಪತ್ತೈದು ತುಂಬುವುದಿತ್ತು. ಆ ದಿನ ಅವರನ್ನು ಕಾಡಿನ ಜಲಪಾತಕ್ಕೆ ಕರೆದೊಯ್ದು ಸಂಜೆಯೊಳಗೆ ತಿರುಗಿ ಕರೆತರಬೇಕೆಂದು ಗುರುಪಾದ ಒಂದು ತಿಂಗಳಿಂದ ಓಡಾಡುತ್ತಿದ್ದ. ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು. ಹಿಡಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ಶಿಷ್ಯ. ಡೋಲಿ ಹೊರಲು ನಾಲ್ಕು ಜನರಿಗೆ ಹೇಳಿಯಾಗಿತ್ತು. ಜಿಗಣೆಗೆ ಸುಣ್ಣ ಮತ್ತು ಹೊಗೆಸೊಪ್ಪು, ಹಳ್ಳ ದಾಟಲು ಹಗ್ಗ, ಗುರುಗಳ ಹಲ್ಲಿಗೆ ಒಗ್ಗುವಂತೆ ಮೆತ್ತಗೆ ಕಲಸುವ ಮೊಸರವಲಕ್ಕಿ, ಕೂರಲು ಕಂಬಳಿ, ನೀರಿನ ತಂಬಿಗೆ ಎರಡು. ಎಲ್ಲವನ್ನೂ ಒಂದೊಂದಾಗಿ ಹೇಳಿ ಮುಗಿಸಿ ಈ ಪ್ರಶ್ನೆ ಕೇಳಿದ್ದ.

"ನೀನು ಬಿಡುವವನೇ?" ಅಂದರು ಗುರುಗಳು. "ಕೂತುಕೋ. ನಿನ್ನಂಥವನೇ ಒಬ್ಬ ನೇಕಾರನಿದ್ದ. ಅವನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಹಾಕಿದರೆ ಎದ್ದು ಒಳಗೆ ಹೋಗಿ ಮಲಗುತ್ತೇನೆ."

ಗುರುಪಾದ ಕಂಬಕ್ಕೆ ಒರಗಿ ಕುಳಿತ. ಗುರುಗಳು ಹೇಳತೊಡಗಿದರು.

ಬೆಟ್ಟದ ಕೆಳಗೆ ಒಂದು ಊರಿತ್ತು. ಊರೆಂದರೆ ಒಂದೇ ಬೀದಿ. ಬೀದಿಯ ಎರಡೂ ಕಡೆ ನೇಕಾರರ ಮನೆಗಳು. ಮನೆಮನೆಯಲ್ಲೂ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗ. ಬೆಳಗಿನಿಂದ ದೀಪ ಹಚ್ಚುವವರೆಗೆ ಲಟಪಟ ಲಟಪಟ ಎಂದು ಅದೇ ಸದ್ದು. ಆ ಸದ್ದಿನಲ್ಲೇ ಹುಟ್ಟಿದವರಿಗೆ ಅದು ಸದ್ದು ಅನ್ನಿಸುವುದೂ ಇಲ್ಲ. ಅಮಾವಾಸ್ಯೆಯ ದಿನ ಮಾತ್ರ ಯಾರೂ ಮಗ್ಗಕ್ಕೆ ಇಳಿಯುತ್ತಿರಲಿಲ್ಲ. ಅದು ಅಲ್ಲಿಯ ಕಟ್ಟಳೆ. ಆ ಒಂದು ದಿನ ಊರು ಸುಮ್ಮನಾಗುತ್ತಿತ್ತು. ಸುಮ್ಮನಾದ ಮೇಲೆ ಕಾಡಿನ ಕಡೆಯಿಂದ ಇನ್ನೊಂದು ಸದ್ದು ಕೇಳಿಬರುತ್ತಿತ್ತು. ನೀರು ಬೀಳುವ ಸದ್ದು. ಅಲ್ಲಿಂದ ಎರಡು ಹರಿದಾರಿ ದೂರದಲ್ಲಿ ಒಂದು ಜಲಪಾತ. ಆ ಕಡೆಯವರು ಅದನ್ನು ಅಬ್ಬಿ ಅನ್ನುತ್ತಾರೆ.

ಆ ಬೀದಿಯಲ್ಲಿ ನಮ್ಮ ನೇಕಾರನ ಮನೆ. ಹೆಸರು ಬೇಕಿದ್ದರೆ ರಾಮಲಿಂಗ ಅಂದುಕೋ, ನನಗೆ ನೇಕಾರ ಅಂದರೆ ಸಾಕು. ಅವನ ಹೆಂಡತಿ ಬನವ್ವ. ಮದುವೆಯಾಗಿ ಬಂದ ಮೊದಲ ಅಮಾವಾಸ್ಯೆಯ ದಿನ ಬನವ್ವ ಹಿತ್ತಲಲ್ಲಿ ನಿಂತು ಆ ಸದ್ದು ಕೇಳಿದಳು. ಅದೇನೆಂದು ಅತ್ತೆಯನ್ನು ಕೇಳಿದಳು. ಅಬ್ಬಿ, ಪಾತ್ರೆ ತೊಳಿ, ಅಂದಳು ಅತ್ತೆ. ಅಷ್ಟೇ. ಆಮೇಲೆ ಮೂವತ್ತು ವರ್ಷ ಅವಳು ತಿಂಗಳಿಗೊಂದು ದಿನ ಆ ಸದ್ದು ಕೇಳಿದಳು. ಅದರ ಕಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಬೀದಿಯ ಹೆಂಗಸರು ಯಾರೂ ಇಟ್ಟಿರಲಿಲ್ಲ. ಅಲ್ಲಿ ನಮಗೇನು ಕೆಲಸ ಅಂದುಕೊಂಡಿದ್ದರು.

ಬನವ್ವನ ಕೆಲಸ ಕಂಡಿಕೆ ಸುತ್ತುವುದು. ನೂಲನ್ನು ಬೆರಳುದ್ದದ ಕೊಳವೆಗೆ ಸುತ್ತಿಕೊಟ್ಟರೆ ಗಂಡ ಅದನ್ನು ಲಾಳಿಯೊಳಗಿಟ್ಟು ನೇಯುತ್ತಿದ್ದ. ಎಳೆ ಕೂದಲಿಗಿಂತ ಸಣ್ಣದು. ಮೂವತ್ತು ವರ್ಷ ಅದನ್ನೇ ನೋಡಿದ ಕಣ್ಣು ಮಸುಕಾಗತೊಡಗಿತು. ಪಂಡಿತ ಬಂದು ರೆಪ್ಪೆ ಎತ್ತಿ ನೋಡಿದ. ಪೊರೆ ಬೆಳೆಯುತ್ತಿದೆ, ಯುಗಾದಿಯ ಹೊತ್ತಿಗೆ ಪೂರ್ತಿ ಮುಚ್ಚಿಕೊಳ್ಳುತ್ತದೆ, ನನ್ನ ಕೈಲಿ ಏನೂ ಆಗುವುದಿಲ್ಲ, ನೋಡಬೇಕಾದದ್ದು ಏನಾದರೂ ಇದ್ದರೆ ಅಷ್ಟರೊಳಗೆ ನೋಡಿಕೊಳ್ಳಲಿ ಅಂದ. ಆಗ ಆಷಾಢ ನಡೆಯುತ್ತಿತ್ತು.

ನೇಕಾರ ಅಂದು ಮಗ್ಗಕ್ಕೆ ಇಳಿಯಲಿಲ್ಲ. ಬನವ್ವ ಎಂದಿನಂತೆ ಅಡುಗೆ ಮಾಡಿದಳು. ಊಟಕ್ಕೆ ಬಡಿಸುತ್ತಾ, "ನನ್ನನ್ನು ಒಂದು ಸಲ ಆ ಅಬ್ಬಿಗೆ ಕರೆದುಕೊಂಡು ಹೋಗುತ್ತೀರಾ?" ಎಂದು ಕೇಳಿದಳು.

ಅವನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವನಿಗೆ ಹೆಂಡತಿಯೆಂದರೆ ಪ್ರಾಣ. ಇದನ್ನು ಸರಿಯಾಗಿ ಕೇಳಿಸಿಕೋ, ಗುರುಪಾದ. ಇದು ಪ್ರೀತಿ ಕಡಿಮೆ ಇದ್ದವನ ಕತೆಯಲ್ಲ. ಕಡಿಮೆ ಇದ್ದಿದ್ದರೆ ಮರುದಿನವೇ ಕರೆದುಕೊಂಡು ಹೋಗಿ, ನೋಡಿದೆಯಲ್ಲ, ಇನ್ನು ನಡೆ ಅಂದು ಕೈ ತೊಳೆದುಕೊಳ್ಳುತ್ತಿದ್ದ. ಅವಳಿಗೆ ಅದು ಲೇಸಾಗುತ್ತಿತ್ತು.

ಕರೆದುಕೊಂಡು ಹೋಗುತ್ತೇನೆ ಅಂದ. ಅವಳು ಬಾಯಿಬಿಟ್ಟು ಕೇಳಿದ ಮೊದಲ ಆಸೆ ಅದು. ಮತ್ತೊಮ್ಮೆ ನೋಡುವ ಕಣ್ಣು ಇರುತ್ತದೋ ಇಲ್ಲವೋ. ಇರುವುದೇ ಒಂದು ಹಗಲು ಎಂದ ಮೇಲೆ ಅದರಲ್ಲಿ ಒಂದು ಎಳೆಯೂ ತಪ್ಪಬಾರದು ಎಂದು ಊಟದ ತಟ್ಟೆಯ ಮುಂದೆಯೇ ನಿಶ್ಚಯ ಮಾಡಿದ.

ನೇಕಾರರ ಕೆಲಸ ನೋಡಿದ್ದೀಯಾ? ಮೊದಲು ಹಾಸು. ಉದ್ದದ ಎಳೆಗಳನ್ನೆಲ್ಲ ಬೀದಿಯುದ್ದಕ್ಕೂ ಹಾಸಿ, ಗಂಜಿ ಹಾಕಿ, ಒಣಗಿಸಿ, ಆಮೇಲೆ ಮಗ್ಗಕ್ಕೆ ಕಟ್ಟುತ್ತಾರೆ. ಸೀರೆಯ ಉದ್ದ, ಅಗಲ, ಅಂಚು, ಬಣ್ಣ ಎಲ್ಲವೂ ಆಗಲೇ ತೀರ್ಮಾನ. ಕಟ್ಟಿದ ಮೇಲೆ ಮನಸ್ಸು ಬದಲಾಯಿಸುವಂತಿಲ್ಲ. ಇನ್ನೊಂದು ಮಾತು. ದರ್ಜಿಯಾದರೆ ಮೈ ಅಳೆಯುತ್ತಾನೆ. ಬಿಗಿಯಾಯಿತೇ, ಸಡಿಲವಾಯಿತೇ ಎಂದು ಕೇಳುತ್ತಾನೆ. ನೇಕಾರನಿಗೆ ಆ ರೂಢಿಯಿಲ್ಲ. ಸೀರೆ ಉಡುವವಳು ಯಾರೆಂದು ಅವನಿಗೆ ಗೊತ್ತಿಲ್ಲ. ಅವಳ ಮುಖ ನೋಡದೆಯೇ ಅವಳಿಗೆ ಚೆಂದ ಕಾಣುವುದನ್ನು ನೇಯುತ್ತಾನೆ. ನಮ್ಮ ನೇಕಾರ ಅದರಲ್ಲಿ ಗಟ್ಟಿಗ. ಅವನ ಸೀರೆಯಲ್ಲಿ ಕುಂದು ಹುಡುಕಿದವರಿರಲಿಲ್ಲ. ಹಾಗೆಯೇ ಈ ಹಗಲನ್ನೂ ನೇಯಲು ಕುಳಿತ.

ಮೊದಲು ಜೇನು ಕೀಳುವವನೊಬ್ಬನನ್ನು ಹಿಡಿದ. ಅವನು ವರ್ಷಕ್ಕೆರಡು ಸಲ ಆ ಕಾಡಿಗೆ ಹೋಗಿಬರುವವನು. ದಾರಿ ಎಷ್ಟು, ಹಳ್ಳ ಎಷ್ಟು, ಜಾರುವುದು ಎಲ್ಲಿ, ಕುಡಿಯುವ ನೀರು ಎಲ್ಲಿ, ಕೂರಲು ಬಂಡೆ ಎಲ್ಲಿ ಎಂದೆಲ್ಲ ಕೇಳಿದ.

ಜೇನಿನವನು ನಕ್ಕ. "ಅಣ್ಣ, ದಾರಿ ಹಾಗಿರಲಿ, ಹೊತ್ತು ನೋಡಿಕೊಂಡು ಹೋಗು. ಬೆಳಿಗ್ಗೆ ಹೋದರೆ ಮೂಡಣ ಬೆಟ್ಟದ ನೆರಳು ಅಬ್ಬಿಯ ಮೇಲೆ ಬಿದ್ದಿರುತ್ತದೆ. ಬರೀ ನೀರು ಅಷ್ಟೇ. ಸೂರ್ಯ ಆ ಬೆಟ್ಟದ ತಲೆ ದಾಟಿದ ಮೇಲೆ ನೋಡಬೇಕು. ಬಿಸಿಲು ನೀರಿಗೆ ಬಿದ್ದ ಗಳಿಗೆಗೆ ಕಾಮನಬಿಲ್ಲು ಏಳುತ್ತದೆ. ಆಮೇಲೆ ಸಂಜೆಯವರೆಗೂ ಬಿಸಿಲೇ, ಆದರೆ ಬಿಲ್ಲು ಇರುವುದು ಸ್ವಲ್ಪ ಹೊತ್ತು. ಮಳೆ ಹಿಂದಾಗಬೇಕು, ನೀರೂ ಇರಬೇಕು. ಕಾರ್ತಿಕದ ಕಡೆಗೆ ಹೋಗು."

ನೇಕಾರನ ತಲೆಯಲ್ಲಿ ಆ ಗಳಿಗೆ ಕೂತುಬಿಟ್ಟಿತು. ಬಣ್ಣದ ನೂಲಿನಲ್ಲೇ ಬದುಕಿದವನು ಅವನು. ಹೆಂಡತಿಯ ಕಣ್ಣು ಮುಚ್ಚುವ ಮೊದಲು ಅದರೊಳಗೆ ಏಳೂ ಬಣ್ಣ ತುಂಬಿಸಿಬಿಡುತ್ತೇನೆ ಅಂದುಕೊಂಡ.

ಶ್ರಾವಣ ಬಂತು. ಅಮಾವಾಸ್ಯೆಯ ದಿನ ಸದ್ದು ಜೋರಾಗಿತ್ತು. ಬನವ್ವ, ಇವತ್ತು ಹೋಗೋಣವೇ ಅಂದಳು. ಈಗ ಬೇಡ, ಮಂಜು ಕವಿದಿರುತ್ತದೆ, ಏನೂ ಕಾಣುವುದಿಲ್ಲ ಅಂದ. ಭಾದ್ರಪದದಲ್ಲಿ ಮತ್ತೊಮ್ಮೆ ಕೇಳಿದಳು. ನೀರು ಕೆಂಪಗಿದೆ, ಬೆಳ್ಳಗಾಗಲಿ ಅಂದ. ಆಮೇಲೆ ಅವಳು ಕೇಳಲಿಲ್ಲ. ಅವನು ಕೊಟ್ಟ ಕಾರಣಗಳೆಲ್ಲ ನಿಜವಾಗಿದ್ದವು, ಅದನ್ನೂ ಹೇಳಿಬಿಡುತ್ತೇನೆ. ಒಂದೂ ನೆಪವಲ್ಲ.

ಅವಳ ಕಣ್ಣಿಗೆ ಆಯಾಸವಾಗಬಾರದೆಂದು ಅವನು ಕಂಡಿಕೆ ಸುತ್ತುವ ರಾಟೆಯನ್ನು ಒಳಗಿನ ಮೂಲೆಯಿಂದ ತಂದು ಬಾಗಿಲ ಬಿಸಿಲಿನಲ್ಲಿ ಇಟ್ಟ. ಮಾಡಿನ ಎರಡು ಹೆಂಚು ತೆಗೆದು ಬೆಳಕಿಂಡಿ ಮಾಡಿದ. ಅವನು ಮಗ್ಗಕ್ಕೆ ಇಳಿದ ಮೇಲೆ ಅವಳು ಮೆಲ್ಲನೆ ರಾಟೆಯನ್ನು ಮತ್ತೆ ಮೂಲೆಗೆ ಎಳೆದುಕೊಳ್ಳುತ್ತಿದ್ದಳು. ಸೆಕೆಗೆ ಹಾಗೆ ಮಾಡುತ್ತಾಳೆ ಅಂದುಕೊಂಡು ಅವನು ಮರುದಿನ ಮತ್ತೆ ಬಾಗಿಲಿಗೆ ತಂದಿಡುತ್ತಿದ್ದ.

ಒಂದು ದಿನ ಅವನು ಒಬ್ಬನೇ ಕಾಡಿಗೆ ಹೋಗಿಬಂದ. ದಾರಿ ನೋಡಿಕೊಂಡು ಬರಬೇಕಿತ್ತು. ಹೆಂಡತಿಯ ನಡಿಗೆಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಯಲು ಅವಳ ಹೆಜ್ಜೆಯಂತೆಯೇ ಸಣ್ಣ ಸಣ್ಣ ಹೆಜ್ಜೆ ಇಟ್ಟು ನಡೆದ. ಕಾಡಿನಲ್ಲಿ ಯಾರಾದರೂ ನೋಡಿದ್ದರೆ ಇವನಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು. ಅಬ್ಬಿಯ ಮುಂದೆ ಕುಳಿತು ಕಾದ. ಬಿಸಿಲು ಬಿತ್ತು, ಬಿಲ್ಲು ಎದ್ದಿತು. ಅವನಿಗೆ ಸಂತೋಷಕ್ಕೆ ಕಣ್ಣೀರು ಬಂತು. ಇದನ್ನು ಅವಳಿಗೆ ತೋರಿಸುತ್ತೇನೆ, ಇದನ್ನೇ ತೋರಿಸುತ್ತೇನೆ ಎಂದು ಬಂಡೆಯ ಮೇಲೆ ಕುಳಿತು ಒಬ್ಬನೇ ಅಂದುಕೊಂಡ. ಮನೆಗೆ ಬಂದಾಗ ಅವನ ಪಂಚೆಯಲ್ಲಿ ಕಾಡಿನ ನೀರಿನ ವಾಸನೆ ಇತ್ತು. ಬನವ್ವ ಅದನ್ನು ಒಗೆಯಲು ತೆಗೆದುಕೊಂಡು ಮೂಗಿಗೆ ಹಿಡಿದಳು. ಹೇಗಿದೆ ಎಂದು ಕೇಳಿದಳು. ಹೇಳಿದರೆ ರುಚಿ ಹೋಗುತ್ತದೆ, ಇರು ಅಂದ.

ಆ ಮೇಲಿನ ದಿನಗಳು ಒಂದು ಬಗೆಯ ಕನಸಿನಲ್ಲೇ ಕಳೆದವು. ನೇಕಾರ ಒಂದು ಗಟ್ಟಿ ನೂಲು ತೆಗೆದುಕೊಂಡು ಅದರಲ್ಲಿ ಗಂಟು ಹಾಕತೊಡಗಿದ. ನೇಕಾರರು ಲೆಕ್ಕ ಇಟ್ಟುಕೊಳ್ಳುವುದು ಹಾಗೆ. ಮೊದಲ ಗಂಟು ಕೋಳಿ ಕೂಗುವಾಗ ಮನೆ ಬಿಡುವುದು. ಎರಡನೆಯದು ಕೆರೆಯ ಏರಿ. ಮೂರನೆಯದು ಕಾಡಿನ ಅಂಚಿನ ಅತ್ತಿಮರ. ಐದನೆಯದು ಹಳ್ಳ, ಅಲ್ಲಿ ನೀರು ಕುಡಿಯುವುದು, ಕೂರುವುದಲ್ಲ. ಏಳನೆಯದು ಜೋಡಿ ಬಂಡೆ, ಅಲ್ಲಿ ಬುತ್ತಿ. ಹನ್ನೆರಡನೆಯದು ಅಬ್ಬಿ. ಹದಿಮೂರು ತಿರುಗಿ ಹೊರಡುವುದು. ಹದಿನೇಳು ದೀಪ ಹಚ್ಚುವ ಮೊದಲು ಮನೆಯ ಹೊಸ್ತಿಲು. ಒಟ್ಟು ಹದಿನೇಳು ಗಂಟು.

ಮಗ್ಗದಲ್ಲಿ ಕುಳಿತು ಅವನು ಅದನ್ನು ಬಾಯಲ್ಲಿ ಹೇಳುತ್ತಾ ಹೋಗುತ್ತಿದ್ದ. ಬನವ್ವ ಕಂಡಿಕೆ ಸುತ್ತುತ್ತಾ ಕೇಳುತ್ತಿದ್ದಳು. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಿತ್ತು. ಇಬ್ಬರೂ ಕೂತಲ್ಲೇ ಕೂತು ಕೆರೆಯ ಏರಿ ದಾಟುತ್ತಿದ್ದರು, ಅತ್ತಿಮರದ ಕೆಳಗೆ ಹಾಯುತ್ತಿದ್ದರು. ಕೆಲವು ಸಲ ಅವನ ಕೈ ನಿಂತುಹೋಗುತ್ತಿತ್ತು. ಮಗ್ಗದ ಬಿಳಿ ಎಳೆಗಳು ಮೇಲಿಂದ ಕೆಳಕ್ಕೆ ನೀರಾಗಿ ಇಳಿಯುತ್ತಿರುವಂತೆ ಕಾಣುತ್ತಿತ್ತು. ಅವನು ಅದನ್ನೇ ನೋಡುತ್ತಾ ಕುಳಿತುಬಿಡುತ್ತಿದ್ದ. ಅವಳೂ ರಾಟೆ ನಿಲ್ಲಿಸುತ್ತಿದ್ದಳು. ಅವಳ ಮನಸ್ಸು ಎಲ್ಲಿರುತ್ತಿತ್ತೋ ಅವನಿಗೆ ಗೊತ್ತಿರಲಿಲ್ಲ.

ಒಂದು ದಿನ ಅವಳು ಕೇಳಿದಳು: "ಆರನೆಯ ಗಂಟಿಗೂ ಏಳನೆಯ ಗಂಟಿಗೂ ನಡುವೆ ಏನಿದೆ?"

"ಏನೂ ಇಲ್ಲ. ಬರೀ ದಾರಿ," ಅಂದ ನೇಕಾರ.

ಕಾರ್ತಿಕದ ಅಮಾವಾಸ್ಯೆ ಬಂತು. ಆಕಾಶದಲ್ಲಿ ಒಂದು ಚೂರು ಮೋಡ ಇರಲಿಲ್ಲ. ಬನವ್ವ ಪೆಟ್ಟಿಗೆಯಲ್ಲಿಟ್ಟಿದ್ದ ಒಳ್ಳೆಯ ಸೀರೆ ಉಟ್ಟಳು. ಕಾಡಿಗೆ ಯಾರಾದರೂ ಒಳ್ಳೆಯ ಸೀರೆ ಉಡುತ್ತಾರೆಯೇ ಎಂದು ಅವನು ಗದರಿದ, ಆಮೇಲೆ ಇರಲಿ ಅಂದ. ಕೋಳಿ ಕೂಗಿತು. ಬುತ್ತಿಯ ಗಂಟು ಹೆಗಲಿಗೆ ಹಾಕಿಕೊಂಡು, ನೂಲನ್ನು ಬೆರಳಿಗೆ ಸುತ್ತಿಕೊಂಡು ಮುಂದೆ ನಡೆದ. ಅವನ ಹೆಗಲ ವಸ್ತ್ರದ ತುದಿ ಹಿಡಿದುಕೊಂಡು ಅವಳು ಹಿಂದೆ ನಡೆದಳು.

ಕಾಡಿನೊಳಗೆ ಹೊಕ್ಕ ಸ್ವಲ್ಪ ಹೊತ್ತಿಗೆ ವಸ್ತ್ರದ ತುದಿ ಬಿಟ್ಟಳು. ಅವನು ಗಮನಿಸಲಿಲ್ಲ. ಮರದ ನೆರಳು ತಂಪಾಗಿತ್ತು, ಬೆಳಕು ಮೆತ್ತಗಿತ್ತು. ಹಳ್ಳದ ಹತ್ತಿರ ಅವಳು ನಿಂತಳು. ತೆಳ್ಳಗೆ ಹರಿಯುವ ನೀರಿನ ಅಡಿಯಲ್ಲಿ ಕಲ್ಲುಗಳಿದ್ದವು. ಅವುಗಳ ನಡುವೆ ಮೀನಿನ ಮರಿ ಓಡಾಡುತ್ತಿತ್ತು. ಬಾಗಿ ನೋಡಿದಳು. ಅವನು ಬೆರಳಲ್ಲಿ ಗಂಟು ಮುಟ್ಟಿ ನೋಡಿ, ನಡೆ ನಡೆ ಅಂದ.

ಆರನೆಯ ಗಂಟು ದಾಟಿದ ಮೇಲೆ ಮತ್ತೆ ನಿಂತಳು. ದಾರಿಯ ಪಕ್ಕದ ಎಲೆಯ ಮೇಲೆ ಒಂದು ಹುಳ. ಅದರ ಬೆನ್ನ ಮೇಲೆ ಹಸಿರು ಚುಕ್ಕೆ. "ನನಗೆ ಇದು ಕಾಣುತ್ತಿದೆ," ಅಂದಳು. ಅವಳ ದನಿ ಬೇರೆಯಾಗಿತ್ತು. "ನೋಡಿ ಇಲ್ಲಿ. ಕಾಲು ಕೂಡ ಕಾಣುತ್ತಿದೆ, ಆರು ಕಾಲು."

ಅವನಿಗೆ ತುಂಬಾ ಸಂತೋಷವಾಯಿತು. "ಈ ಕತ್ತಲಿನಲ್ಲೇ ಇಷ್ಟು ಕಂಡರೆ ಅಲ್ಲಿ ಬೆಳಕಿನಲ್ಲಿ ಇನ್ನೆಷ್ಟು ಕಾಣಬಹುದು. ಹುಳ ಏನು ನೋಡುತ್ತೀಯೇ, ನಡೆ," ಅಂದ.

ಮುಂದೆ ಹೋಗುತ್ತಿದ್ದವನ ಬೆನ್ನು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಷ್ಟು ಉತ್ಸಾಹದಲ್ಲಿ ಅವನು ನಡೆದದ್ದನ್ನು ಅವಳು ಮದುವೆಯಾದ ಹೊಸತರಲ್ಲಿ ನೋಡಿದ್ದಳು, ಆಮೇಲೆ ನೋಡಿರಲಿಲ್ಲ. ಹೇಳಹೊರಟದ್ದನ್ನು ಬಿಟ್ಟು ಹಿಂಬಾಲಿಸಿದಳು.

ಕಾಡಿನಲ್ಲಿ ಅವಳು ಅವನ ಲೆಕ್ಕಕ್ಕಿಂತ ಚೆನ್ನಾಗಿ ನಡೆದಳು. ಹಾಗಾಗಿ ಹನ್ನೆರಡನೆಯ ಗಂಟಿಗೆ ಮೂರು ಗಳಿಗೆ ಮೊದಲೇ ತಲುಪಿದರು. ಕಡೆಯ ತಿರುವಿನಲ್ಲಿ ಸದ್ದು ಎದೆಗೇ ಬಂದು ಬಡಿಯಿತು. ಮುಂದಿದ್ದ ನೇಕಾರ ಇಣುಕಿದ, ಅಬ್ಬಿ ಇನ್ನೂ ನೆರಳಿನಲ್ಲಿತ್ತು. ಬಂಡೆ ಕಪ್ಪಗೆ, ನೀರು ಬೆಳ್ಳಗೆ, ಅಷ್ಟೇ. ಬರೀ ನೀರು.

ಈಗ ನೇಕಾರರ ಇನ್ನೊಂದು ಪದ್ಧತಿ ಹೇಳಬೇಕು. ಮಗ್ಗದ ಮೇಲಿರುವ ಸೀರೆಯನ್ನು ಅವರು ಹೊರಗಿನವರಿಗೆ ತೋರಿಸುವುದಿಲ್ಲ. ಯಾರಾದರೂ ಒಳಗೆ ಬಂದರೆ ಮೇಲೆ ಬಟ್ಟೆ ಹೊದಿಸಿಬಿಡುತ್ತಾರೆ. ಕಡೆಯ ಎಳೆ ಬಿದ್ದು, ಕತ್ತರಿಸಿ, ಮಡಿಸಿ ಆದಮೇಲೆ ಹೊರಗೆ ತಂದು ಬಿಸಿಲಿನಲ್ಲಿ ಒಮ್ಮೆಲೇ ಬಿಚ್ಚುತ್ತಾರೆ. ಅರೆಬರೆ ನೋಡಿದ ಕಣ್ಣಿಗೆ ಪೂರ್ತಿಯಾದದ್ದು ಚೆಂದ ಕಾಣುವುದಿಲ್ಲವೆಂದು ಅವರ ನಂಬಿಕೆ. ನಮ್ಮ ನೇಕಾರನಿಗೆ ನೆರಳಿನ ಅಬ್ಬಿ ಮಗ್ಗದ ಮೇಲಿನ ಸೀರೆ. ಹೆಂಡತಿ ತಿರುವು ದಾಟುವ ಮೊದಲೇ ಅವನು ಹೆಗಲ ವಸ್ತ್ರ ತೆಗೆದು ಅವಳ ಕಣ್ಣಿಗೆ ಕಟ್ಟಿದ.

"ಇದೇನು?" ಎಂದು ಅವಳು ನಕ್ಕಳು.

"ಇನ್ನೂ ಆಗಿಲ್ಲ. ನಾನು ಬಿಚ್ಚುವವರೆಗೆ ನೋಡಬಾರದು," ಅಂದ.

ಕೈ ಹಿಡಿದು ಕರೆದುಕೊಂಡು ಹೋಗಿ ತಾನು ಮೊದಲೇ ಗೊತ್ತು ಮಾಡಿದ್ದ ಬಂಡೆಯ ಮೇಲೆ ಕೂರಿಸಿದ. ಅವಳು ಮಡಿಲಲ್ಲಿ ಕೈಯಿಟ್ಟುಕೊಂಡು ಕುಳಿತಳು. ಮುಖದ ಮೇಲೆ ತುಂತುರು ಬೀಳುತ್ತಿತ್ತು. ಮೂವತ್ತು ವರ್ಷ ಹಿತ್ತಲಲ್ಲಿ ನಿಂತು ಕೇಳಿದ ಸದ್ದು ಇಪ್ಪತ್ತು ಮಾರು ಎದುರಿಗೇ ಇತ್ತು. ಒಂದು ಗಳಿಗೆ ಕಳೆಯಿತು. ಎರಡು ಕಳೆಯಿತು. ನೇಕಾರ ಬೆಟ್ಟದ ನೆರಳು ಇಳಿಯುವುದನ್ನೇ ನೋಡುತ್ತಿದ್ದ. ನೆರಳು ಬಂಡೆಯ ನೆತ್ತಿಯಿಂದ ಇಂಚಿಂಚಾಗಿ ಕೆಳಗೆ ಬಂತು. ಬಿಸಿಲು ನೀರಿಗೆ ಬಿತ್ತು. ತುಂತುರಿನಲ್ಲಿ ಬಿಲ್ಲು ಎದ್ದಿತು, ಕೆಂಪಿನಿಂದ ನೇರಳೆಯವರೆಗೆ ಒಂದು ಎಳೆ ತಪ್ಪಿಲ್ಲ. ಅವನು ಹಿಂದೆ ನಿಂತು ಗಂಟು ಬಿಚ್ಚಿದ.

"ನೋಡು," ಅಂದ.

ಅವಳು ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ, ಚೆನ್ನಾಗಿದೆ ಅಂದಳು. ಯಾವ ಬಣ್ಣ ಚೆನ್ನಾಗಿದೆ ಎಂದು ಅವನು ಕೇಳಿದ. ಎಲ್ಲವೂ ಚೆನ್ನಾಗಿದೆ ಅಂದಳು. ಅವನು ಅವಳ ಮುಖ ನೋಡಲು ಮುಂದೆ ಬಂದ. ಆ ಮುಖದ ಸಂತೋಷ ನೋಡಬೇಕೆಂದೇ ನಾಲ್ಕು ತಿಂಗಳು ದುಡಿದವನು. ಅವಳ ಎರಡೂ ಕಣ್ಣಿಂದ ನೀರು ಸುರಿಯುತ್ತಿತ್ತು, ರೆಪ್ಪೆ ನಿಲ್ಲದೆ ಬಡಿಯುತ್ತಿತ್ತು. ಮುಖ ಅಬ್ಬಿಯ ಕಡೆಗೆ ಇರಲಿಲ್ಲ. ಪಕ್ಕದ ಒಣ ಬಂಡೆಯ ಕಡೆಗಿತ್ತು.

"ಬನವ್ವ, ನಿನಗೆ ಕಾಣುತ್ತಿಲ್ಲವೇ?"

"ಬಿಸಿಲಿಗೆ ನನ್ನ ಕಣ್ಣು ನಿಲ್ಲುವುದಿಲ್ಲ," ಅಂದಳು ಅವಳು. "ಎಲ್ಲ ಬರೀ ಬಿಳಿಯಾಗಿಬಿಡುತ್ತದೆ. ನೆರಳಿನಲ್ಲಿ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ದಾರಿಯಲ್ಲಿ ಎಲ್ಲ ಕಾಣುತ್ತಿತ್ತಲ್ಲ."

"ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಅಷ್ಟು ಆಸೆಯಿಂದ ಮಾಡುತ್ತಿದ್ದಿರಿ."

ನೀವು ಕೇಳಲಿಲ್ಲ ಎಂದು ಅವಳು ಅನ್ನಲಿಲ್ಲ. ಅನ್ನಬಹುದಿತ್ತು. ನಾನಾಗಿದ್ದರೆ ಅನ್ನುತ್ತಿದ್ದೆ.

ನೇಕಾರ ಕುಸಿದು ಕುಳಿತ. ಹೆಗಲ ವಸ್ತ್ರ ಅವನ ಕೈಯಲ್ಲೇ ಇತ್ತು. ಅವಳ ಕಣ್ಣಿಗೆ ಹೇಗೆ ಬೇಕೋ ಹಾಗೆ, ಮೆತ್ತಗಿನ ನೆರಳಿನಲ್ಲಿ, ಮೂರು ಗಳಿಗೆ ಅಬ್ಬಿ ಅವಳ ಎದುರಿಗೇ ಇತ್ತು. ಆ ಮೂರೂ ಗಳಿಗೆ ತಾನೇ ಅವಳ ಕಣ್ಣು ಕಟ್ಟಿ ಕೂರಿಸಿದ್ದ. ತನ್ನ ಕಣ್ಣಿಗೆ ಚೆಂದ ಕಂಡ ಹೊತ್ತನ್ನು ಹುಡುಕಿದ್ದ, ಅವಳ ಕಣ್ಣಿಗಲ್ಲ. ಅವನು ಗಟ್ಟಿಯಾಗಿ ಅತ್ತ. ಗಂಡಸು ಹಾಗೆ ಅತ್ತದ್ದು ಅಬ್ಬಿಯ ಸದ್ದಿನಲ್ಲಿ ಅಷ್ಟಾಗಿ ಕೇಳಿಸಲಿಲ್ಲ. ಸಂಜೆ ನೆರಳು ತಿರುಗುವವರೆಗೆ ಕಾಯೋಣವೇ ಎಂದು ಯೋಚಿಸಿದ. ಆ ಹೊತ್ತಿಗೆ ಅಲ್ಲಿಗೆ ಕಾಡುಪ್ರಾಣಿಗಳು ನೀರಿಗೆ ಇಳಿಯುತ್ತವೆಂದು ಜೇನಿನವನು ಹೇಳಿದ್ದ. ಕಾಯುವಂತಿರಲಿಲ್ಲ.

ಬನವ್ವ ಕೈ ಚಾಚಿ ಅವನ ತಲೆ ಸವರಿದಳು. ಅವನು ಮೂಗು ಒರೆಸಿಕೊಂಡ. ಆಮೇಲೆ, "ಈಗ ನಿನಗೇನು ಬೇಕು ಹೇಳು," ಎಂದು ಕೇಳಿದ.

ಮೂವತ್ತು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ. ಉತ್ತರ ಎಲ್ಲಿಟ್ಟಿದ್ದೇನೆ ಎಂದು ಹುಡುಕುವವಳಂತೆ ನೀರಿನ ಸದ್ದಿನ ಕಡೆಗೆ ಮುಖ ತಿರುಗಿಸಿದಳು.

"ಆ ನೀರಿನಲ್ಲಿ ಕಾಲು ಇಡಬೇಕು," ಅಂದಳು.

ಹದಿನೇಳು ಗಂಟಿನಲ್ಲಿ ಅದಕ್ಕೆ ಗಂಟು ಇರಲಿಲ್ಲ. ಬಂಡೆ ಜಾರುತ್ತಿತ್ತು. ನೀರಿನ ಹತ್ತಿರ ಹೋಗಲೇಬಾರದೆಂದು ಅವನೇ ಗೊತ್ತು ಮಾಡಿದ್ದ. ಆದರೂ ಎದ್ದ. ಅವಳನ್ನು ಎರಡೂ ಕೈಯಲ್ಲಿ ಹಿಡಿಯಬೇಕಾಯಿತು, ಹಾಗಾಗಿ ನೂಲನ್ನು ಬಂಡೆಯ ಮೇಲೆ ಬಿಟ್ಟ. ಒಂದೊಂದೇ ಹೆಜ್ಜೆ ಇಟ್ಟುಕೊಂಡು ಇಬ್ಬರೂ ಇಳಿದರು. ಅವಳು ಒಳ್ಳೆಯ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಕಾಲನ್ನು ನೀರಿಗೆ ಇಟ್ಟಳು. ತಣ್ಣಗಿತ್ತು. ಅವಳು ಉಸಿರು ಎಳೆದುಕೊಂಡಳು, ಆಮೇಲೆ ನಕ್ಕಳು. ಮೇಲಿಂದ ಬಿದ್ದ ನೀರು ಅವಳ ಕಾಲ ಸುತ್ತ ತಿರುಗಿ ಮುಂದೆ ಹೋಗುತ್ತಿತ್ತು. ಇದೇ ನೀರು ತಾನೇ ನಮ್ಮ ಕೆರೆಗೆ ಬರುವುದು ಎಂದು ಕೇಳಿದಳು. ಇರಬಹುದು, ನನಗೆ ಗೊತ್ತಿಲ್ಲ ಅಂದ. ಅವನು ಗೊತ್ತಿಲ್ಲ ಅಂದದ್ದು ಅವಳಿಗೆ ಹೊಸದಾಗಿತ್ತು.

ಎಷ್ಟೋ ಹೊತ್ತು ನಿಂತರು. ಹೊರಟದ್ದು ತಡವಾಯಿತು. ಕಾಡಿನಲ್ಲಿ ಬೆಳಕು ಇಳಿಯುತ್ತಾ ಬಂದಾಗ ಅವನ ಕಾಲು ಬೇರಿಗೆ ತಾಗಿ ಎಡವತೊಡಗಿತು. ಆ ಇಳಿಬೆಳಕು ಅವಳ ಕಣ್ಣಿಗೆ ಹಿತವಾಗಿತ್ತು. ಅವಳೇ ಮುಂದೆ ನಡೆದಳು. ಇಲ್ಲಿ ಬೇರು, ಇಲ್ಲಿ ಕಲ್ಲು ಎಂದು ಹೇಳುತ್ತಾ ಅವನನ್ನು ಮನೆಗೆ ತಂದು ಮುಟ್ಟಿಸಿದಳು.

ಮುಂದಿನ ಅಮಾವಾಸ್ಯೆಗೆ ಬೆಳಿಗ್ಗೆಯೇ ಹೋಗಿ ನೆರಳಿನಲ್ಲಿ ನೋಡಬಹುದಿತ್ತಲ್ಲ ಅಂತ ನಿನ್ನ ಬಾಯಿ ತುರಿಸುತ್ತಿದೆ. ಹೋದರು. ಅಬ್ಬಿಯ ಮೇಲೆ ನೆರಳಿರುವಾಗಲೇ ಮುಟ್ಟಿದರು. ಅಷ್ಟರಲ್ಲಿ ಅವಳಿಗೆ ನೆರಳಿನಲ್ಲೂ ಏನೂ ಕಾಣದಂತಾಗಿತ್ತು. ಪಂಡಿತ ಹೇಳಿದ ಯುಗಾದಿಗೆ ಇನ್ನೂ ಮೂರು ತಿಂಗಳಿತ್ತು. ಪೊರೆಗೆ ಅವನ ಪಂಚಾಂಗ ಗೊತ್ತಿರಲಿಲ್ಲ. ಅವಳು ಕಾಲನ್ನು ನೀರಿನಲ್ಲಿಟ್ಟು ಕುಳಿತಳು. ಅವನು ಪಕ್ಕದಲ್ಲಿ ಕುಳಿತು, ಹೇಗಿದೆ ಹೇಳಲೇ ಎಂದು ಕೇಳಿದ. ಸ್ವಲ್ಪ ಹೊತ್ತು ಬೇಡ ಅಂದಳು. ಅವನು ಸುಮ್ಮನಿದ್ದ.

ಗುರುಗಳು ಕತೆ ನಿಲ್ಲಿಸಿದರು. ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿದಿತ್ತು. ಗುರುಪಾದನ ಕಣ್ಣು ತುಂಬಿತ್ತು. ಅವನು ಎದ್ದು ಬಂದು ಗುರುಗಳ ಪಾದ ಮುಟ್ಟಿದ.

"ಅರ್ಥವಾಯಿತು, ಗುರುಗಳೇ," ಅಂದ. "ಇನ್ನೊಬ್ಬರಿಗಾಗಿ ಏನನ್ನು ಮಾಡುವುದಾದರೂ ಮೊದಲು ಅವರನ್ನು ಕೇಳಬೇಕು. ಈ ಮಾತನ್ನು ಸಾಯುವವರೆಗೆ ಮರೆಯುವುದಿಲ್ಲ. ನಾಳೆ ದಾರಿಯಲ್ಲಿ ನೀವು ಎಲ್ಲೆಲ್ಲಿ ನಿಲ್ಲಿಸು ಅನ್ನುತ್ತೀರೋ ಅಲ್ಲೆಲ್ಲ ಡೋಲಿ ನಿಲ್ಲಿಸುತ್ತೇನೆ."

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಅದು ಸರಿ, ನಾಳೆ ನಾನು ಬರುತ್ತೇನೆಂದು ನಿನಗೆ ಯಾರು ಹೇಳಿದರು?"